ಗೇಟಿನ ತನಕ

ಫೆಲೀಸಾ ಪಡಸಾಲೆಯಲ್ಲಿಟ್ಟ ಶವಪೆಟ್ಟಿಗೆಯ ಗಾಜಿನ ಮೇಲೆ ಕೈಯಿಟ್ಟು ಬಗ್ಗಿ ನೋಡಿದಳು. ತಾಕ್ಯೋನ ಮುಖಕ್ಕೆ ಯಾರೋ ಹದ ಮೀರಿ ಪೌಡರ್ ಬಳಿದಿದ್ದರು. ಜೀವಮಾನವಿಡೀ ಹುಬ್ಬಿನ ಮೇಲೆ ಮರದ ಪುಡಿ ಹೊತ್ತು ತಿರುಗಿದ ಬಡಗಿಗೆ ಈ ವೇಷ ಒಪ್ಪುತ್ತಿರಲಿಲ್ಲ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿ ಚೋಲೆಂಗಳ ಕಡೆ ತಿರುಗಿ, "ತಾಕ್ಯೋ ಒಳ್ಳೆಯವನು," ಎಂದಷ್ಟೇ ಹೇಳಿದಳು.

ಚೋಲೆಂಗ್ ತಲೆಯೆತ್ತಿ ನೋಡಿದಳು. ಮತ್ತೆ ಪೆಟ್ಟಿಗೆಯ ಕಡೆ ತಿರುಗಿದಳು. ಸಾವಿನ ಮನೆಯವರು ಬಂದವರಿಗೆ ಕೃತಜ್ಞತೆ ಹೇಳುವ ರೂಢಿ ಇಲ್ಲಿಲ್ಲ. ಹಾಗಾಗಿ ಈ ಮೌನ ರೂಢಿಯದೋ ಹಳೆಯ ಸಿಟ್ಟಿನದೋ ಫೆಲೀಸಾಗೆ ತಿಳಿಯಲಿಲ್ಲ. ಹೊರಗೆ ನಡಿ ಎಂದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಅವಳು ಹಿಂದಿನ ಬೆಂಚಿಗೆ ಸರಿದಳು.

* * *

ಒಂದು ಕಾಲದಲ್ಲಿ ಇಗರ್ಜಿಯಲ್ಲಿ ಎರಡೂ ಮನೆಯವರದು ಒಂದೇ ಬೆಂಚು, ಭಾನುವಾರ ಒಂದೇ ಊಟ. ವ್ಯಾಕುಲಮಾತೆಯ ವಿಗ್ರಹ ಚೋಲೆಂಗಳ ಮನೆಯದು. ಶುಭ ಶುಕ್ರವಾರ ಅದನ್ನು ಮೆರವಣಿಗೆಯಲ್ಲಿ ಒಯ್ಯುವ ಗಾಡಿ ಫೆಲೀಸಾಳ ಗಂಡ ಗೋರಿಯೋನದು. ಒಂದು ವರ್ಷ ನಡುಬೀದಿಯಲ್ಲಿ ಗಾಡಿಯ ಚಕ್ರ ಕಳಚಿತು. ವಾಲಿದ ವಿಗ್ರಹಕ್ಕೆ ತಾಕ್ಯೋ ಹೆಗಲು ಕೊಟ್ಟ.

"ಚಕ್ರ ಕೂರಿಸಿದ್ದು ನೀನೇ ತಾನೆ? ಕುಡ್ಕೊಂಡು ಕೂರಿಸಿದ್ಯೇನೋ?" ಎಂದ ಗೋರಿಯೋ, ಊರೆಲ್ಲ ಕೇಳುವಂತೆ.

ತಾಕ್ಯೋ ಕುಡಿತ ಬಿಟ್ಟು ವರ್ಷಗಳೇ ಆಗಿದ್ದವು. ಅದು ಫೆಲೀಸಾಗೆ ಗೊತ್ತಿತ್ತು. ಒಂದು ಮಾತಾಡು ಎನ್ನುವಂತೆ ಚೋಲೆಂಗ್ ಅವಳನ್ನೇ ನೋಡಿದಳು. ಫೆಲೀಸಾ ಮೇಣದಬತ್ತಿ ಆರದಂತೆ ಕೈ ಅಡ್ಡ ಹಿಡಿದು ಸುಮ್ಮನೆ ನಿಂತಿದ್ದಳು.

ಮುಂದಿನ ಭಾನುವಾರ ಎರಡು ಮನೆಯವರು ಇಗರ್ಜಿಯ ಎರಡು ಬದಿಯಲ್ಲಿ ಕುಳಿತರು. ಆಮೇಲೆ ಗೋರಿಯೋ ಮನೆ ಮಾರಿ ಫೆಲೀಸಾಳನ್ನು ದೂರದ ಬತಾಂಗಾಸಿಗೆ ಕರೆದೊಯ್ದ. ಅವನು ಸತ್ತಾಗ ಫೆಲೀಸಾ ಇಲ್ಲಿಗೆ ಹೇಳಿಕಳಿಸುವ ಧೈರ್ಯ ಮಾಡಲಿಲ್ಲ.

* * *

"ಇಷ್ಟು ವರ್ಷ ಎಲ್ಲಿ ಸತ್ತಿದ್ದೆ ಮಾರಾಯ್ತಿ?"

ಇಗರ್ಜಿಯಲ್ಲಿ ಹಾಡು ಹೇಳಿಕೊಡುವ ಮುದುಕಿ ದೊರಾಯ್. ತಾಕ್ಯೋನ ಸಾವಿನ ಸುದ್ದಿ ಮುಟ್ಟಿಸಿದವಳೂ ಅವಳೇ. "ಕದ್ದು ಬಂದವಳ ಹಾಗೆ ಹಿಂದ್ಯಾಕೆ ಕೂತಿದ್ದೀಯ?" ಎನ್ನುತ್ತ ಫೆಲೀಸಾಳನ್ನು ಎಳೆದುಕೊಂಡು ಹೋಗಿ ಚೋಲೆಂಗ್ ಮತ್ತು ತನ್ನ ನಡುವೆ ಕೂರಿಸಿದಳು.

"ಪೂಜೆ ಮಧ್ಯೆ ಬೆಂಚು ಕಿರುಗುಟ್ಟಿದ್ರೆ ಸಾಕು, ತಾಕ್ಯೋ ಬಗ್ಗಿ ಅದರ ಕಾಲು ನೋಡ್ತಿದ್ದ," ಎಂದಳು ದೊರಾಯ್. "ಪಾದ್ರಿಗಳು, ಎಂಥಾ ಭಕ್ತ, ನೆಲಕ್ಕೆ ಹಣೆ ಹಚ್ತಾನೆ ಅಂದ್ಕೊಂಡಿದ್ರು."

"ಊರಿನ ಬೆಂಚೆಲ್ಲ ಸರಿ ಮಾಡಿದ," ಎಂದಳು ಚೋಲೆಂಗ್. "ನಮ್ಮ ಅಡಿಗೆಮನೆ ಕದ ಇವತ್ತಿಗೂ ಹಗ್ಗದಲ್ಲೇ ಕಟ್ಟೋದು."

ಸುತ್ತ ಕೂತವರು ಮೆಲ್ಲಗೆ ನಕ್ಕರು. ಫೆಲೀಸಾಗೂ ನಗು ಬಂತು. ನಗುವ ಹಕ್ಕು ತನಗಿಲ್ಲ ಎನಿಸಿ ತುಟಿ ಕಚ್ಚಿಕೊಂಡಳು.

"ಹಾಡೋರನ್ನ ಸೇರಿಸ್ಬೇಕು, ನಾನು ಇಗರ್ಜಿಗೆ ಮುಂದೆ ಹೋಗಿರ್ತೀನಿ," ಎಂದು ದೊರಾಯ್ ಕೋಲು ಊರಿ ಎದ್ದಳು.

"ಗೇಟಿನ ತನಕ ಬರ್ತೀನಿ," ಎಂದು ಫೆಲೀಸಾಳೂ ಎದ್ದಳು. ಅಲ್ಲಿಂದ ಹಾಗೇ ಬಸ್ಸು ಹಿಡಿದು ಹೋಗಿಬಿಡುವುದು ಎಂದು ಮನಸ್ಸಿನಲ್ಲಿತ್ತು.

ಲಂಗವನ್ನು ಯಾರೋ ಹಿಡಿದೆಳೆದರು. ಚೋಲೆಂಗ್.

"ಎಲ್ಲಿಗೆ?"

"ದೊರಾಯ್‌ನ ಬಿಟ್ಟು ಬರ್ತೀನಿ."

"ಸಾವಿನ ಮನೆಯೋರು ಯಾರನ್ನೂ ಗೇಟಿನ ತನಕ ಬಿಡೋಕೆ ಹೋಗ್ಬಾರ್ದು. ಅದೂ ಮರೆತ್ಯಾ?"

"ಅದು ಮನೆಯೋರಿಗಲ್ವಾ, ಚೋಲೆಂಗ್."

"ಮತ್ತೆ ನಾನು ಹೇಳ್ತಿರೋದೇನು? ಕೂತ್ಕೋ."

ಫೆಲೀಸಾ ಕುಳಿತವಳೇ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಅಂಗಳದಲ್ಲಿ ದೊರಾಯ್ ಒಬ್ಬಳೇ ಕೋಲೂರಿಕೊಂಡು ಹೋಗುತ್ತಿದ್ದಳು. ಅವಳು ಗೇಟು ದಾಟಿ ಬೀದಿಯ ತಿರುವಿನಲ್ಲಿ ಮರೆಯಾದ ಮೇಲೂ, ಚೋಲೆಂಗಳ ಮುಷ್ಟಿಯಲ್ಲಿ ಲಂಗದ ಅಂಚು ಹಾಗೇ ಇತ್ತು.