ಅದು ನಿಮ್ಮ ಕಾಲಿನ ವಾಸನೆಯಲ್ಲ

ಕೊಣನೂರಿನಿಂದ ಹಾಸನಕ್ಕೆ ಹೋಗುವ ಬೆಳಗಿನ ಬಸ್ಸು ಅಂದುಕೊಳ್ಳಿ. ಕಿಟಕಿ ಹಾಕಿದೆ, ಜನ ತುಂಬಿದ್ದಾರೆ. ಎಲ್ಲಿಂದಲೋ ಕೆಟ್ಟ ವಾಸನೆ ಬರುತ್ತದೆ. ಆಗ ನಾವು ಏನು ಮಾಡುತ್ತೇವೆ? ಕ್ಲಚ್ ಸುಡುತ್ತಿದೆಯಾ ಅಂತ ಡ್ರೈವರನ್ನು ಕೇಳುತ್ತೇವಾ? ಇಲ್ಲ. ಪಕ್ಕದಲ್ಲಿ ಕೂತವರನ್ನು ನೋಡುತ್ತೇವೆ. ಅವರ ಸೀರೆ ನೋಡುತ್ತೇವೆ, ಚೀಲ ನೋಡುತ್ತೇವೆ, ಕಾಲು ನೋಡುತ್ತೇವೆ. ಆಮೇಲೆ ಸ್ವಲ್ಪ ಆ ಕಡೆ ಸರಿದು ಕೂರುತ್ತೇವೆ. ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ. ಸರಿದು ಕೂತರೆ ಸಾಕು, ತಾಕಬೇಕಾದವರಿಗೆ ತಾಕುತ್ತದೆ.

ನಮ್ಮ ದೊಡ್ಡವ್ವ ಮಾಯಮ್ಮನಿಗೆ ಅದು ತಾಕಿದ್ದು ವಿಮಾನದಲ್ಲಿ.

ದೊಡ್ಡವ್ವ ನಮ್ಮೂರಿನ ಮಹಿಳಾ ಸಂಘದಲ್ಲಿ ಮೊದಲಿನಿಂದ ಇರುವವಳು. ಸಂಘಗಳ ಒಕ್ಕೂಟದವರು ಹೈದರಾಬಾದಿನ ತರಬೇತಿಗೆ ಇಬ್ಬರನ್ನು ಕಳಿಸಿದರು. ಒಬ್ಬಳು ದೊಡ್ಡವ್ವ. ಇನ್ನೊಬ್ಬರು ಕೊಣನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನೀಲಾಂಬಿಕಮ್ಮ. ಪುಣೆಯ ಆಸ್ಪತ್ರೆಯಲ್ಲಿ ಕೆಲಸ ಮಾಡುವ ದೊಡ್ಡವ್ವನ ಮಗಳು ಮೇಘಶ್ರೀ, ಅವ್ವ ಮೊದಲ ಸಲ ವಿಮಾನ ಹತ್ತುತ್ತಾಳೆ ಅಂತ ಕ್ಯಾನ್ವಾಸ್ ಶೂ, ಬಿಳಿ ಸಾಕ್ಸ್ ಕಳಿಸಿದ್ದಳು. ಹೋಗುವಾಗ ದೊಡ್ಡವ್ವ ಆ ಶೂ ಹಾಕಿಕೊಂಡು ಕೇರಿಯಲ್ಲಿ ಎರಡು ಸುತ್ತು ಹೊಡೆದು ಎಲ್ಲರಿಗೂ ತೋರಿಸಿದ್ದಳು.

ವಾಪಸು ಬಂದವಳು ಶೂ ತೊಳೆದು, ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಎಸೆದಳು. ಸಂಘದ ಸಭೆಗೆ ಹೋಗುವುದು ಬಿಟ್ಟಳು. ಯಾರಾದರೂ ಕರೆಯಲು ಬಂದರೆ ಒಳಗಿನಿಂದಲೇ "ಕಾಲು ನೋವು ಕಣವ್ವ" ಅಂದುಬಿಡುವಳು. ಸಂಜೆಯಾದರೆ ಒಬ್ಬಳೇ ಬಚ್ಚಲಲ್ಲಿ ಕೂತು ಹೆಂಚಿನ ಚೂರಿನಿಂದ ಹಿಮ್ಮಡಿ ಉಜ್ಜುವಳು. ರಕ್ತ ಜಿನುಗುವವರೆಗೂ ಉಜ್ಜುವಳು.

ಅಷ್ಟರಲ್ಲಿ ಮೇಘಶ್ರೀಗೆ ದಿನ ತುಂಬುತ್ತಾ ಬಂತು. ಅಲ್ಲಿ ಅವಳಿಗೆ ಯಾರಿದ್ದಾರೆ? ಗಂಡನಿಗೆ ರಾತ್ರಿ ಪಾಳಿ. ಅವ್ವನಿಗೆ ವಿಮಾನದ ಟಿಕೆಟ್ ಮಾಡಿಸಿದಳು. ದೊಡ್ಡವ್ವ ಬರುವುದಿಲ್ಲ ಅಂದಳು. ರೈಲಿನಲ್ಲಿ ರಾತ್ರಿಯೆಲ್ಲ ಕೂತು ಹೋಗಲು ಮಂಡಿ ಕೇಳುವುದಿಲ್ಲ. ವಿಮಾನ ಅಂದರೆ ಮುಖ ತಿರುಗಿಸುತ್ತಾಳೆ. ಮಗಳು ಫೋನಿನಲ್ಲಿ ಅಳುತ್ತಿದ್ದರೆ ಇವಳು ಫೋನನ್ನು ನನ್ನ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿ ಕೂತಳು.

ನಾನು ಹಿಂದೆಯೇ ಹೋಗಿ ಹೆಂಚಿನ ಚೂರು ಕಿತ್ತುಕೊಂಡೆ. "ಏನಾಯ್ತು ಅಂತ ಹೇಳು ದೊಡ್ಡವ್ವ."

"ಏನಂತ ಏಳಾದ್ಲಾ ನಾಗೇಶ. ಬರ್ವಾಗ ಇಮಾನ ಮ್ಯಾಕ್ಕೆ ಓಯ್ತಿತ್ತು. ಒಸಿ ಒತ್ಗೆ ವಾಸ್ನೆ ಬಂತು. ಒದ್ದೆ ಸಾಕ್ಸ್‌ನ ಮೂಟೆ ಕಟ್ಟಿಟ್ರೆ ಬತ್ತದಲ್ಲ, ಅಂತದ್ದು. ಸಾಕ್ಸ್ ಆಕಂಡು ಅಭ್ಯಾಸ ಇಲ್ದೋಳು ನಾನು. ನೀಲಾಂಬಿಕಮ್ಮ ನನ್ ಕಾಲ ಒಂದ್ಸಲ ನೋಡುದ್ರು. ಆಮೇಕೆ ಸೆರಗ ಮೂಗಿಗಿಟ್ಕಂಡು ಆ ಕಡೀಕೆ ತಿರುಗ್ಬುಟ್ರು."

"ನೀನೇನ್ ಮಾಡ್ದೆ?"

"ಕಾಲ ಸೀಟಿನಡೀಕೆ ಎಳ್ಕಂಡೆ. ಇನ್ನೆಲ್ಲಿಗ್ಲಾ ಓಗ್ಲಿ? ಅಲ್ಲೇನು ಇಳ್ಕಳಕ್ಕೆ ಸ್ಟಾಪ್ ಐತಾ? ತಲೆ ಸಿಡೀತಿತ್ತು, ಕಣ್ ಉರೀತಿತ್ತು. ನೀರ್ ಕೇಳನಾ ಅಂದ್ರೆ, ಇಮಾನದಾಗೆ ನೀರ್ ಕೊಡಾ ಉಡ್ಗಿ ಅತ್ರುಕ್ಕೆ ಬಂದ್ರೆ ಅವ್ಳ್ಗೂ ವಾಸ್ನೆ ಒಡೀತದೆ ಅಂತ ಸುಮ್ಕಾದೆ."

ನನಗೆ ರಕ್ತ ಕುದಿಯಿತು. ಆ ಕ್ಷಣವೇ ನಾನು ಓಡಿಸುವ ಲಗೇಜ್ ಆಟೊ ತೆಗೆದು ಬಟ್ಟೆ ಅಂಗಡಿಗೆ ಹೊರಟೆ. ದಾರಿಯಲ್ಲಿ ಚಿಕ್ಕಪ್ಪನ ಮಗಳು ಭಾನುಪ್ರಿಯಾಳ ಫೋನ್ ಬಂತು. ಅವಳು ಬೆಂಗಳೂರಿನಲ್ಲಿ ವಿಮಾನ ರಿಪೇರಿ ಮಾಡುವ ಕಡೆ ಟೆಕ್ನೀಷಿಯನ್. ನಾನು ನಡೆದದ್ದನ್ನೆಲ್ಲ ಬೈಗುಳ ಸಮೇತ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಅಣ್ಣ, ವಾಸ್ನೆ ಬಂದಾಗ ವಿಮಾನ ಮೇಲಕ್ಕೆ ಏರ್ತಿತ್ತಾ, ಸಮಕ್ಕೆ ಹೋಯ್ತಿತ್ತಾ?"

"ನಾನು ಮರ್ಯಾದೆ ಹೋಗಿರೋದು ಹೇಳ್ತಾ ಇದ್ರೆ ನೀನು ಏರು ಇಳಿವು ಕೇಳ್ತೀಯಲ್ಲೇ!"

"ಹೇಳಣ್ಣ."

"ಏರ್ತಿತ್ತಂತೆ."

"ನಾಳೆ ನಂಗೆ ರಜ. ಬತ್ತೀನಿ. ಅಲ್ಲೀಗಂಟ ಯಾರ ಅಂಗ್ಡೀಗೂ ನುಗ್ಬೇಡ. ನಾಳೆ ಅವ್ರನ್ನೂ ಮನೆಗೆ ಕರ್ಕಂಡ್ ಬಾ. ಬಾಯಿ ಮುಚ್ಕಂಡು ಕರ್ಕಂಡ್ ಬಾ."

ಮಾರನೆಯ ದಿನ ನೀಲಾಂಬಿಕಮ್ಮನನ್ನು ಆಟೊದಲ್ಲಿ ಕೂರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಅವರೇ "ಮಾಯಮ್ಮ ಯಾಕಪ್ಪ ಸಂಘಕ್ಕೆ ಬರ್ತಿಲ್ಲ?" ಅಂತ ಎರಡು ಸಲ ಕೇಳಿ ಸುಮ್ಮನಾದರು.

ಜಗುಲಿಯ ಮೇಲೆ ಭಾನು ಕೂತಿದ್ದಳು. ಪಕ್ಕದಲ್ಲಿ ದೊಡ್ಡಪ್ಪ ಬೈರಯ್ಯ, ಅವಳ ಕೈಯಲ್ಲಿ ಅವನ ಹಳೇ ಸೈಕಲ್ ಪಂಪು. ದೊಡ್ಡವ್ವ ಬಾಗಿಲ ಒಳಗೇ ನಿಂತಳು. ನೀಲಾಂಬಿಕಮ್ಮ ಜಗುಲಿಯ ಅಂಚಿಗೆ ಕೂತರು.

ಭಾನು ಶುರು ಮಾಡಿದಳು: "ದೊಡ್ಡಪ್ಪ, ವಿಮಾನದಲ್ಲಿ ಕಿಟಕಿ ತೆಗೆಯಕ್ಕಾಗಲ್ಲ. ಮೇಲೆ ಗಾಳಿ ಬಲು ತೆಳು, ಉಸಿರಿಗೆ ಸಾಲಲ್ಲ. ಮತ್ತೆ ಒಳಗಿರೋರಿಗೆ ಗಾಳಿ ಎಲ್ಲಿಂದ ಬತ್ತದೆ ಹೇಳಿ?"

"ಸಿಲಿಂಡರ್ ಮಡಗಿರ್ತಾರೇನೋ."

"ಅಷ್ಟು ಜನಕ್ಕೆ ಸಿಲಿಂಡರ್ ಸಾಲ್ತದಾ? ಎಂಜಿನ್‌ನಿಂದ ಬತ್ತದೆ."

ದೊಡ್ಡಪ್ಪ ಎದ್ದು ನಿಂತುಬಿಟ್ಟ. "ಅಂಗಂದ್ರೆ ಒಗೆ ಕುಡ್ಸಾದಾ ಜನಕ್ಕೆ? ಕಾಸೂ ಈಸ್ಕಂಡು ಒಗೆ ಕುಡುಸ್ತಾರಾ? ನಮ್ ಟ್ರ್ಯಾಕ್ಟರ್ ಇಂದೆ ನಿಂತ್ಕಂಡ್ರೆ ಪುಕ್ಸಟ್ಟೆ ಸಿಕ್ತದಲ್ಲವ್ವ!"

"ಹೊಗೆ ಅಲ್ಲ, ಕೂತ್ಕಳಿ. ಎಂಜಿನ್ ಮುಂದ್ಗಡೆ ರೆಕ್ಕೆ ರೆಕ್ಕೆ ಇರ್ತವೆ. ಅವು ಹೊರಗಿನ ಗಾಳೀನ ಎಳ್ಕಂಡು ಒತ್ತಿ ಒತ್ತಿ ಗಟ್ಟಿ ಮಾಡ್ತವೆ. ಇಂಧನ ಸೇರೋದು, ಬೆಂಕಿ ಹತ್ತೋದು ಆಮೇಲೆ. ಬೆಂಕಿಗಿಂತ ಮುಂಚೇನೇ ಒಂದಿಷ್ಟು ಗಾಳೀನ ಪೈಪಲ್ಲಿ ಈ ಕಡೆಗೆ ತಗೋತಾರೆ. ಅದನ್ನ ನಾವು ಬ್ಲೀಡ್ ಏರ್ ಅಂತೀವಿ. ಬಹುಪಾಲು ವಿಮಾನದಲ್ಲಿ ಜನ ಉಸಿರಾಡೋ ಗಾಳಿ ಅದೇ. ರೆಕ್ಕೆ ಮೇಲೆ ಮಂಜುಗಡ್ಡೆ ಕಟ್ಟದಂಗೆ ಬಿಸಿ ಮಾಡೋಕೂ ಅದೇ ಗಾಳಿ."

ಭಾನು ಪಂಪನ್ನು ನನ್ನ ಕೈಗೆ ಕೊಟ್ಟು, ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿದಳು. "ಹೊಡಿ ಅಣ್ಣ." ಬೆವರು ಬರುವಂತೆ ಹೊಡೆದೆ. "ಈಗ ದೊಡ್ಡಪ್ಪ, ಪಂಪಿನ ಬುಡ ಮುಟ್ಟಿ."

"ಅಯ್ಯಪ್ಪ, ಕಾದೈತೆ!"

"ಗಾಳಿ ಒತ್ತಿದ್ರೆ ಬಿಸಿ ಆಯ್ತದೆ. ಎಂಜಿನ್‌ನಲ್ಲಿ ಇನ್ನೂ ಜಾಸ್ತಿ, ಚರ್ಮಕ್ಕೆ ತಾಕಿದ್ರೆ ಬೆಂದೋಗೋವಷ್ಟು. ಅದನ್ನ ವಿಮಾನದ ಹೊಟ್ಟೇಲಿರೋ ಪೆಟ್ಟಿಗೇಲಿ ತಣ್ಣಗೆ ಮಾಡಿ ಒಳಕ್ಕೆ ಬಿಡ್ತಾರೆ." ಈಗ ಅವಳು ಪೈಪನ್ನು ದೊಡ್ಡಪ್ಪನ ಮೂಗಿನ ಹತ್ತಿರ ಹಿಡಿದಳು. "ಇನ್ನೊಂದ್ಸಲ ಹೊಡಿ ಅಣ್ಣ."

ದೊಡ್ಡಪ್ಪ ಮುಖ ಕಿವುಚಿ ಹಿಂದೆ ಸರಿದ. "ಥೂ! ಏನ್ಲಾ ಇದು ಗಬ್ಬು!"

"ಇದು ಯಾರ ಕಾಲಿನ ವಾಸ್ನೆ ದೊಡ್ಡಪ್ಪ?"

ದೊಡ್ಡವ್ವ ಬಾಗಿಲಿನಿಂದ ಒಂದು ಹೆಜ್ಜೆ ಹೊರಗೆ ಬಂದಳು.

"ಪಂಪಿನೊಳಗೆ ಚರ್ಮದ ವಾಷರ್ ಐತೆ. ಅದಕ್ಕೆ ನೀವು ಯಾವತ್ತೋ ಬಿಟ್ಟಿರೋ ಎಣ್ಣೆ ಕಮಟು ಹಿಡಿದೈತೆ. ಗಾಳಿ ಅದನ್ನ ಹೊತ್ಕಂಡು ಬತ್ತದೆ. ಎಂಜಿನ್‌ನಲ್ಲೂ ತಿರುಗೋ ಬೇರಿಂಗಿಗೆ ಎಣ್ಣೆ ಇರ್ತದೆ, ಅದು ಆಚೆ ಬರದಂಗೆ ಸೀಲ್ ಇರ್ತವೆ. ಸೀಲ್ ಸವೆದ್ರೆ ಒಂದೆರಡು ಹನಿ ಎಣ್ಣೆ ಆ ಬಿಸಿ ಗಾಳಿಗೆ ಸೇರ್ತದೆ. ಆಗ ಒಳಗೆ ಏನ್ ವಾಸ್ನೆ ಬತ್ತದೆ ಗೊತ್ತಾ? ಒದ್ದೆ ಸಾಕ್ಸ್ ವಾಸ್ನೆ. ನಮ್ ಕೆಲಸದೋರು ಅದನ್ನ ಹಂಗೇ ಕರೆಯೋದು. ತಲೆನೋವು, ಕಣ್ಣುರಿ, ವಾಕರಿಕೆ ಬರ್ಬೋದು."

"ಅಂಗಾರೆ ಅವತ್ತು ಅದೇ ಆಗಿತ್ತಾ?" ದೊಡ್ಡವ್ವ ಕೇಳಿದಳು.

"ಅದೇ ಅಂತ ನಾನು ಆಣೆ ಇಡಕ್ಕಾಗಲ್ಲ ದೊಡ್ಡವ್ವ. ಅಡುಗೆ ವಾಸ್ನೆ, ಕಕ್ಕಸಿನ ವಾಸ್ನೆ, ಏನು ಬೇಕಾದ್ರೂ ಇರ್ಬೋದು."

"ನಿಂಗೂ ಗೊತ್ತಿಲ್ಲ ಅನ್ನು," ದೊಡ್ಡಪ್ಪ ಚುಚ್ಚಿದ. "ಇಷ್ಟೊತ್ತು ಪಂಪ್ ಒಡ್ದಿದ್ದು ದಂಡ."

"ಯಾರೂ ಬಾಯಿ ಬಿಡ್ದಿದ್ರೆ ನಮ್ಗೆ ಹೆಂಗ್ ಗೊತ್ತಾಗ್ಬೇಕು? ನಾವು ಎಂಜಿನ್ ಮುಚ್ಚಳ ತೆಗೆದು ಪೈಪಿನ ಕೀಲೆಲ್ಲ ನೋಡ್ತೀವಿ. ಕೀಲು ಬಿಗಿದಿರೋ ಪಟ್ಟಿ ಸಡ್ಲ ಆಗಿದ್ರೆ ಅಳತೆ ಪ್ರಕಾರ ಬಿಗಿ ಮಾಡ್ತೀವಿ. ಬಿಸಿ ಗಾಳಿ ಸೋರಿದ್ರೆ ಪೈಲಟ್‌ಗೆ ತಿಳಿಸೋ ತಂತಿ ಪೈಪಿನ ಪಕ್ಕದಲ್ಲೇ ಓಡ್ತದೆ, ಅದನ್ನ ಪರೀಕ್ಷೆ ಮಾಡ್ತೀವಿ. ಎಣ್ಣೆ ಲೆಕ್ಕಕ್ಕಿಂತ ಜಾಸ್ತಿ ಇಳಿದಿದ್ಯಾ ನೋಡ್ತೀವಿ. ಆದ್ರೆ ಎಷ್ಟೋ ಸಲ ವಾಸ್ನೆ ಬರೋದು ವಿಮಾನ ಏರುವಾಗ, ಇಳಿಯುವಾಗ. ನಮ್ಮ ಹತ್ರ ಬರೋ ಹೊತ್ತಿಗೆ ಎಂಜಿನ್ ತಣ್ಣಗೆ, ಒಳಗೆ ಯಾರೂ ಇಲ್ಲ, ವಾಸ್ನೇನೂ ಇಲ್ಲ. ಕೂತಿದ್ದೋರು ಹೇಳಿದ್ರೆ ಅಲ್ಲಿ ನೀರು, ಊಟ ಕೊಡೋ ಹುಡುಗಿ ಪೈಲಟ್‌ಗೆ ಹೇಳ್ತಾಳೆ. ಅವ್ರು ಬೇಕಾದ್ರೆ ಒಂದು ಎಂಜಿನ್ ಗಾಳಿ ಮುಚ್ಚಿ ಇನ್ನೊಂದರಿಂದ ಕೊಡ್ತಾರೆ, ವಿಮಾನದ ದಾಖಲೆ ಪುಸ್ತಕದಲ್ಲಿ ಬರೀತಾರೆ. ಆಗ ನಾವು ಒಂದೊಂದೇ ಎಂಜಿನ್ ಗಾಳಿ ಬಿಟ್ಟು ನೋಡಿ, ಯಾವುದರಲ್ಲಿ ವಾಸ್ನೆ ಅಂತ ಹಿಡೀತೀವಿ. ಸೀಲ್ ಹಾಳಾಗಿದ್ರೆ ಬದಲಾಯಿಸ್ತೀವಿ. ಇಷ್ಟಕ್ಕೂ ಶುರು ಆಗಬೇಕಾದ್ರೆ ಒಬ್ರು ಬಾಯಿ ಬಿಡಬೇಕು."

ನಾನು ಅಲ್ಲಿಯವರೆಗೆ ತಡೆದುಕೊಂಡಿದ್ದೆ. "ಯಾರು ಬಾಯಿ ಬಿಡ್ತಾರೆ? ಇವ್ರು ಮೂಗು ಮುಚ್ಕಂಡು ಕೂತಿದ್ರಲ್ಲ, ಕೇಳು!"

ನೀಲಾಂಬಿಕಮ್ಮನ ಮುಖ ಇಳಿದುಹೋಯಿತು. "ನನಗೂ ತಲೆನೋವು ಬಂದಿತ್ತಪ್ಪ. ಮನೆಗೆ ಬಂದ ಮೇಲೂ ಇತ್ತು."

"ಅದಲ್ಲ ಕೇಳಿದ್ದು. ದೊಡ್ಡವ್ವನ ಕಾಲು ಯಾಕೆ ನೋಡಿದ್ರಿ?"

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಮಾಯಮ್ಮ, ನಿನ್ನ ಕಾಲೇ ಅಂದ್ಕೊಂಡೆ ಕಣಮ್ಮ. ಬೇರೆ ಏನೂ ತಲೆಗೆ ಬರಲೇ ಇಲ್ಲ. ಹೇಳಿದ್ರೆ ನಿನಗೆ ನೋವಾಗುತ್ತೆ ಅಂತ ಸುಮ್ಮನಾದೆ."

ಇದನ್ನೇ ನಾವು ಒಳ್ಳೆಯತನ ಅಂತ ಕರೆದುಕೊಳ್ಳುತ್ತೇವೆ! ಪಕ್ಕದಲ್ಲಿ ಬೇರೆ ಯಾರಾದರೂ ಕೂತಿದ್ದರೆ ಅವರು ಎಂಜಿನ್ನೋ ಎಸಿಯೋ ಕೆಟ್ಟಿದೆ ಅಂತ ಆ ಹುಡುಗಿಯನ್ನು ಆಗಲೇ ಕರೆಯುತ್ತಿದ್ದರು. ಕೂತಿದ್ದದ್ದು ನಮ್ಮ ದೊಡ್ಡವ್ವ. ಹಾಗಾಗಿ ಯಂತ್ರದ ಮೇಲೆ ಯಾರಿಗೂ ಅನುಮಾನವೇ ಬರಲಿಲ್ಲ. ಆ ವಿಮಾನ ಆಮೇಲೆ ಮತ್ತೆ ಜನ ತುಂಬಿಕೊಂಡು ಹಾರಿರುತ್ತದೆ. ಅದರಲ್ಲಿ ಕೂಸು ಎತ್ತಿಕೊಂಡವರೂ ಇದ್ದಿರಬಹುದು.

ದೊಡ್ಡವ್ವ ತನ್ನ ಹಿಮ್ಮಡಿಯ ಗಾಯ ನೋಡಿಕೊಂಡಳು. "ಗೊತ್ತಿತ್ತು ಬುಡಿ ನೀಲಾಂಬಿಕಮ್ಮ. ಚಿಕ್ಕೋಳಿಂದ ನಿಮ್ ಅಂಗ್ಡಿ ಒಳೀಕೆ ಬರ್ದೆ ಬಾಗ್ಲಾಗೇ ನಿಂತಿವ್ನಿ, ಯಾರ್ ಎಂಗೆ ನೋಡ್ತಾರೆ ಅಂತ ತಿಳೀತದೆ. ನೀವೂ ನನ್ ಕಾಲ ನೋಡುದ್ರಿ. ನಾನೂ ನನ್ ಕಾಲ್ನೇ ನೋಡ್ಕಂಡೆ. ಎಂಜಿನ್ ನೋಡಾರು ಯಾರೂ ಇಲ್ದಂಗಾಯ್ತು."

"ತಪ್ಪಾಯ್ತು ಮಾಯಮ್ಮ."

"ಇಲ್ ಏಳಿದ್ರೆ ಆಗಕಿಲ್ಲ. ಸಂಗ್ದಾಗೆ ಏಳಿ, ಎಲ್ರ ಮುಂದೆ. ನಾನೂ ಬತ್ತೀನಿ." ಆಮೇಲೆ ನನ್ನ ಕಡೆ ತಿರುಗಿದಳು. "ಏನ್ಲಾ ನೋಡ್ತೀಯಾ? ಅಟ್ಟ ಅತ್ತಿ ಶೂ ಇಳ್ಸು."

ಸಭೆಯಲ್ಲಿ ನೀಲಾಂಬಿಕಮ್ಮ ಎಲ್ಲರ ಮುಂದೆ ನಿಂತು ಹೇಳಿದರು. ಅಂದಿನ ತಾರೀಕು, ಸೀಟಿನ ನಂಬರು ತಿಳಿಸಿ ವಿಮಾನ ಕಂಪನಿಗೆ ಭಾನು ಬರೆದುಕೊಟ್ಟ ದೂರಿಗೆ ಇಬ್ಬರೂ ಸಹಿ ಹಾಕಿದರು. ಇಷ್ಟಕ್ಕೇ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ದೊಡ್ಡವ್ವ ಪುಣೆಗೆ ಒಬ್ಬಳೇ ಹೋದಳು. ಹಾಸನದಲ್ಲಿ ಬೆಂಗಳೂರಿನ ಬಸ್ಸು ಹತ್ತಿಸಿದೆ. ಅಲ್ಲಿಂದ ಮುಂದಕ್ಕೆ ಭಾನು ನೋಡಿಕೊಂಡಳು. ಖಾಲಿ ಆಟೊ ಓಡಿಸಿಕೊಂಡು ಊರಿಗೆ ಬರುವಾಗ, ಬಚ್ಚಲಲ್ಲಿ ಒಬ್ಬಳೇ ಕೂತು ಕಾಲು ಉಜ್ಜುತ್ತಿದ್ದ ಅವಳೇ ಕಣ್ಣ ಮುಂದೆ ಬರುತ್ತಿದ್ದಳು. ನಮ್ಮ ಮನೆಯಲ್ಲೇ ಅಷ್ಟು ದಿನ ಅವಳು ಒಂಟಿಯಾಗಿದ್ದಳು, ನಾವು ಕಾಲು ನೋವು ಅಂದುಕೊಂಡಿದ್ದೆವು.

ಸಂಜೆ ಫೋನ್ ಬಂತು. "ವಾಸ್ನೆ ಬಂತು ಕಣ್ಲಾ ನಾಗೇಶ!"

"ಅಯ್ಯೋ! ಏನ್ ಮಾಡ್ದೆ?"

"ತಲೆ ಮ್ಯಾಗಿನ ಬಟನ್ ಒತ್ತುಬುಟ್ಟೆ. ಕನ್ನಡ ಬರಾ ಉಡ್ಗೀನೇ ಬಂದ್ಲು. ಏನೋ ಸೀದ್ ವಾಸ್ನೆ ಬತ್ತೈತೆ ಕಣವ್ವ ಅಂದೆ. ಓಗಿ ನೋಡ್ಕಂಡ್ ಬಂದು, ಬ್ರೆಡ್ ಬಿಸಿ ಮಾಡ್ತಿದ್ವಿ ಅಮ್ಮ ಅಂತ ನಕ್ಕಂಡ್ಲು. ಆದ್ರೂ ಏಳಿದ್ದು ಒಳ್ಳೇದಾಯ್ತು, ಇಂಗೇ ಏಳ್ಬೇಕು ಅಂದ್ಲು."

"ನಾಚ್ಕೆ ಆಗ್ಲಿಲ್ವಾ?"

"ನಂಗ್ಯಾಕ್ಲಾ ನಾಚ್ಕೆ? ಬ್ರೆಡ್ ಸೀಸ್ದೋರು ಅವ್ರು. ನಾನು ಕಾಲ ಚಾಚ್ಕಂಡು ಕೂತಿದ್ದೆ."

"ಪಕ್ಕದೋರು ಮಾತಾಡ್ಸಿದ್ರಾ?"

"ಇಲ್ಲ ಕಣಪ್ಪ. ಅಲ್ಲಿ ಯಾರೂ ಯಾರನ್ನೂ ಮಾತಾಡ್ಸಕಿಲ್ಲ. ಅಷ್ಟೊಂದ್ ಜನ, ಎಲ್ರೂ ಒಬ್ಬೊಬ್ರೇ ಕೂತವ್ರೆ." ಹಿಂದೆ ಮೇಘಶ್ರೀ ಏನೋ ಹೇಳಿ ನಗುವುದು ಕೇಳಿಸಿತು. "ಮಡಗ್ತೀನಿ. ಮಗಳ್ಗೆ ಕಾಲು ಊದ್ಕಂಡವೆ, ಎಣ್ಣೆ ಉಜ್ಬೇಕು."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ. ಇವತ್ತಲ್ಲ ನಾಳೆ ನೀವೂ ವಿಮಾನ ಹತ್ತುತ್ತೀರಿ. ತರಬೇತಿಗೋ ಯಾತ್ರೆಗೋ ಮಗಳ ಬಾಣಂತನಕ್ಕೋ ಹೋಗುತ್ತೀರಿ. ಒದ್ದೆ ಸಾಕ್ಸಿನಂಥ, ಕಮಟು ಎಣ್ಣೆಯಂಥ, ಸುಟ್ಟಂಥ ವಾಸನೆ ಬಂದರೆ ಹೆದರಿ ಕೂಗಾಡಬೇಡಿ, ಸುಮ್ಮನೆಯೂ ಕೂರಬೇಡಿ. ತಲೆಯ ಮೇಲೆ ಮನುಷ್ಯನ ಚಿತ್ರ ಇರುವ ಬಟನ್ ಒತ್ತಿ. ಎಂಥ ವಾಸನೆ, ಯಾವಾಗ ಶುರುವಾಯಿತು ಅಂತ ನಿಮ್ಮ ಭಾಷೆಯಲ್ಲೇ ಹೇಳಿ. ಮೂಗು ತೋರಿಸಿದರೂ ಅರ್ಥವಾಗುತ್ತದೆ. ತಲೆ ಸಿಡಿದರೆ, ಕಣ್ಣು ಉರಿದರೆ ಅದನ್ನೂ ಹೇಳಿ. ಇಳಿದ ಮೇಲೂ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ಬ್ರೆಡ್ ಸೀದದ್ದೇ ಆಗಿದ್ದರೆ ಒಂದು ನಗುವಿಗೆ ಮುಗಿಯುತ್ತದೆ. ಎಂಜಿನ್ನಿನದಾಗಿದ್ದರೆ ನಿಮ್ಮ ಒಂದು ಮಾತಿನಿಂದ ರಿಪೇರಿಯವರ ಕೈ ಸರಿಯಾದ ಜಾಗಕ್ಕೆ ಹೋಗುತ್ತದೆ.

ಮತ್ತೆ, ಪಕ್ಕದವರ ಕಾಲು ನೋಡುವವರೇ, ನಿಮಗೂ ಒಂದು ಮಾತು. ನೀವು ಸರಿದು ಕೂತ ಕಡೆಯಲ್ಲೂ ಅದೇ ಗಾಳಿ ಇದೆ.