ಬಿಸಿಲಿಗೆ ಹಾಕಿದ ಟೇಪುಗಳು

ಮನೆಯ ಸುದ್ದಿಯನ್ನು ಕಚೇರಿಯಲ್ಲಿ ಆಡುವುದಿಲ್ಲವೆಂದು ಗೋದಾ ತನ್ನ ಅತ್ತೆಗೆ ಮಾತು ಕೊಟ್ಟದ್ದು ಬ್ಯಾಂಕಿನ ನೌಕರಿಗೆ ಸೇರುವ ಹಿಂದಿನ ದಿನ. ಮಗಳು ಶೀತಲ್ ಆಗ ತೊಟ್ಟಿಲಲ್ಲಿದ್ದಳು.

"ಕೂಸಿನ ಚಿಂತಿ ಬಿಡು, ನಾ ನೋಡ್ಕೋತೀನಿ," ಎಂದಿದ್ದರು ಅಂಬಾಬಾಯಿ. "ಆದ್ರ ಒಂದು ಕೇಳ್ತೀನಿ. ನಿಮ್ಮ ಮಾವ ಗಿರಣಿಯೊಳಗ ಊಟದ ಡಬ್ಬಿ ಬಿಚ್ಚಿದ್ರ ಸಾಕು, ನನ್ನ ಸುದ್ದಿನ. ಆಕಿ ಹಂಗಂದ್ಲು, ಆಕಿ ಹಿಂಗ ಮಾಡಿದ್ಲು ಅಂತ ಹೇಳಿ ಮಂದಿನ್ನ ನಗಸವ್ರು. ಬುತ್ತಿ ಕೊಡಾಕ ಹೋದ್ರ ಗೇಟಿನ ಪಹರೆಯಾವ ಸುದ್ದಾ ನನ್ನ ಮಾರಿ ನೋಡಿ ನಗತಿದ್ದ. ನೀ ಹಂಗ ಮಾಡಬ್ಯಾಡವಾ."

"ಇಲ್ರೀ ಅತ್ತಿ. ನಿಮ್ಮ ಹೆಸರು ಅಲ್ಲಿ ತಗಿಯಂಗಿಲ್ಲ," ಎಂದಿದ್ದಳು ಗೋದಾ.

ಆ ಕೂಸು ಈಗ ಹತ್ತನೆಯ ತರಗತಿ. ಗೋದಾ ಹಡಪಸರದ ಆ ಸಹಕಾರಿ ಬ್ಯಾಂಕಿನ ಕಂಪ್ಯೂಟರ್ ಕೋಣೆಯ ಥಂಡಿಯಲ್ಲಿ ನಿಂತು ಸೆರಗಿನಿಂದ ಅಂಗೈ ಒರೆಸಿಕೊಳ್ಳುತ್ತಿದ್ದಳು. ಎದುರಿಗೆ ಆಡಿಟರ್ ಶಿವಪ್ರಕಾಶ. ಬೆಂಗಳೂರಿನವನು, ಮರಾಠಿ ಊರಿನಲ್ಲಿ ಕನ್ನಡ ಸಿಕ್ಕಿತೆಂಬ ಖುಷಿಗೆ ಬೆಳಗಿನಿಂದ ಹಗುರಾಗಿ ಮಾತಾಡುತ್ತಿದ್ದ. ಅವನ ಕೈಯಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಟೇಪು.

"ಮಾರ್ಚ್ ಎಂಡ್‌ದು ಇದೇ ತಾನೆ ಮೇಡಂ? ಲೇಬಲ್ ಚೆನ್ನಾಗಿದೆ. ಆದ್ರೆ ಲೇಬಲ್ ನೋಡಿ ಸೈನ್ ಹಾಕೋಕೆ ನನ್ನನ್ನ ಕಳಿಸಿಲ್ಲ. ಇದು ಓದುತ್ತೆ ಅಂತ ತೋರಿಸಿಬಿಡಿ, ಊಟಕ್ಕೆ ಹೋಗೋಣ."

ಬ್ಯಾಂಕಿನ ಲೆಕ್ಕವೆಲ್ಲ ಟೇಪಿನ ಮೇಲೆ ಎರಡು ಪ್ರತಿಯಾಗಿ ಇಳಿಯುತ್ತಿತ್ತು. ಒಂದು ಇಲ್ಲಿನ ಕಪಾಟಿಗೆ. ಇನ್ನೊಂದು, ನಾಳೆ ಕಟ್ಟಡಕ್ಕೆ ಬೆಂಕಿ ಬಿದ್ದರೂ ಉಳಿಯಲಿ ಎಂದು ಹೊರಗೆ. ಆಡಿಟರ್ ಕೇಳಿದ್ದು ಈ ಎರಡನೆಯ ಪ್ರತಿಯನ್ನು. ಕಾಗದದ ಪ್ರಕಾರ ಆ ಹೊರಗಿನ ಜಾಗ ತಳೇಗಾಂವ ಶಾಖೆಯ ತಿಜೋರಿ. ಆದರೆ ಪ್ರತಿ ಸಲ ಅಷ್ಟು ದೂರ ಹೊತ್ತುಕೊಂಡು ಹೋಗುವವರು ಯಾರು? "ನಿಮ್ಮ ಮನಿ ಇಲ್ಲೇ ಹಿಂದಿನ ಗಲ್ಲಿಯೊಳಗ ಅದಲ್ಲ ಗೋದಾಬಾಯಿ," ಎಂದು ಮ್ಯಾನೇಜರ್ ಅಪ್ಪಾಸಾಹೇಬರೇ ದಾರಿ ತೋರಿಸಿದ್ದರು. "ನಿಮ್ಮ ಕಪಾಟಿನೊಳಗ ಇಡ್ರಿ. ಹೆಣ್ಮಕ್ಕಳ ಕಪಾಟಿಗಿಂತ ಭದ್ರ ತಿಜೋರಿ ಎಲ್ಲ್ಯದ?" ಅಂದಿನಿಂದ ಟೇಪುಗಳು ಅವಳ ರೇಷ್ಮೆ ಸೀರೆಗಳ ನಡುವೆ ಮಲಗುತ್ತಿದ್ದವು.

ಈ ಬೆಳಿಗ್ಗೆ ಅವನ್ನು ತೆಗೆಯಲು ಕಪಾಟಿನ ಬಾಗಿಲು ಎಳೆದಿದ್ದಳು. ಸೀರೆಗಳ ಮಡಿಕೆ ಬೇರೆಯಾಗಿತ್ತು. ಟೇಪುಗಳು ಹೊಸದೊಂದು ಬಟ್ಟೆಯ ಚೀಲದಲ್ಲಿದ್ದವು. ಒಂದರ ಪ್ಲಾಸ್ಟಿಕ್ ಅಂಚು ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

"ಅತ್ತೀ, ಇವನ್ನ ಯಾರು ತಗದಿದ್ರು?"

"ನಾನ. ಮೊನ್ನಿ ಬ್ಯಾಸಗಿಯೊಳಗ ಸೀರಿ ಬಿಸಿಲಿಗೆ ಹಾಕಿದ್ನಲ್ಲ, ಕಪಾಟೆಲ್ಲಾ ಮುಗ್ಗಲ ವಾಸನಿ. ನಿನ್ನ ಬ್ಯಾಂಕಿನ ಸಾಮಾನು ಮಳಿಗಾಲದಾಗ ಕೆಟ್ಟು ಹೋದಾವು ಅಂತ ಇವನೂ ಮಾಳಗಿ ಮ್ಯಾಲ ಒಣಗಿಸಿದೆ. ಕಾಗಿ ಎತಗೊಂಡು ಹೋಗಬಾರದಂತ ದಿನಾನೂ ಬಾಜುಕ ಕೂತಿದ್ದೆ." ಅಂಬಾಬಾಯಿ ಮೆಚ್ಚುಗೆಯ ಮಾತಿಗೆ ಕಾದು ನಿಂತರು. "ಯಾಕ, ಏನಾತು?"

"ಏನಿಲ್ರಿ," ಎಂದು ಗೋದಾ ಚೀಲ ಎತ್ತಿಕೊಂಡಿದ್ದಳು. ಕಚೇರಿಗೆ ಬೇಗ ಹೋಗಿ ಒಮ್ಮೆ ಓದಿಸಿ ನೋಡೋಣವೆಂದರೆ ಶಿವಪ್ರಕಾಶ ಅವಳಿಗಿಂತ ಮೊದಲೇ ಬಂದು ಕೂತಿದ್ದ.

"ಈ ಆಡಿಟ್ ಒಂದು ಕೆಟ್ಟರ ಆಡಳಿತ ಮಂಡಳಿಯವ್ರು ಯಾರನ್ನರ ಇಂದಾಪುರಕ್ಕ ಕಳಸ್ತಾರ," ಎಂದು ಅಪ್ಪಾಸಾಹೇಬರು ಹಿಂದಿನ ವಾರವೇ ಹೇಳಿದ್ದರು. "ನನ್ನಂತೂ ಅಲ್ಲ." ಇಂದಾಪುರ ಶಾಖೆಗೆ ವರ್ಗವೆಂದರೆ ಮುಂಜಾನೆ ಎಸ್ಟಿ ಬಸ್ಸು, ಕತ್ತಲಾದ ಮೇಲೆ ಮನೆ. ಶೀತಲಳ ಪರೀಕ್ಷೆಯ ವರ್ಷ. ಗಂಡ ಲಾರಿ ಹತ್ತಿ ಹೋದರೆ ಯಾವಾಗ ಬಂದಾನೆಂದು ಹೇಳುವಂತಿಲ್ಲ.

ಯಂತ್ರ ಟೇಪನ್ನು ನುಂಗಿತು. ಹಸಿರು ದೀಪ ಬಂತು. ಒಳಗೆ ಗಿರ್ರನೆ ಸುತ್ತುವ ಸದ್ದು. ಪರದೆಯ ಮೇಲೆ ಫೈಲುಗಳ ಹೆಸರು ಒಂದೊಂದಾಗಿ ಏರತೊಡಗಿದವು. ಗೋದಾ ಹಿಡಿದಿದ್ದ ಉಸಿರು ಅರ್ಧ ಬಿಟ್ಟಳು. ಅಷ್ಟರಲ್ಲಿ ಸದ್ದು ಬದಲಾಯಿತು. ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ಕೆಮ್ಮಿದಂತಾಗಿ ನಿಂತಿತು. ದೀಪ ಕೆಂಪಗಾಯಿತು.

"ಹೆಡ್ ಕ್ಲೀನ್ ಮಾಡಿ ನೋಡ್ಲೇನ್ರಿ ಮ್ಯಾಡಮ್?" ಎಂದಳು ಆಪರೇಟರ್ ನೀತಾ. ಮಾಡಿದರು. ಮತ್ತೆ ಕೆಂಪು. ಫೆಬ್ರವರಿಯ ಟೇಪು ಹಾಕಿದರು. ಅದು ಹೆಸರನ್ನೂ ಹೇಳಲಿಲ್ಲ. ಜನವರಿಯದನ್ನು ಯಂತ್ರ ಉಗುಳಿಯೇಬಿಟ್ಟಿತು.

ಶಿವಪ್ರಕಾಶನ ಬಾಯಿಂದ ಊಟದ ಮಾತು ಹೋಗಿಬಿಟ್ಟಿತ್ತು. "ಇಷ್ಟೂ ಒಟ್ಟಿಗೆ ಕೆಡೋದು ಅಂದ್ರೆ ಇಟ್ಟಿರೋ ಜಾಗದಲ್ಲೇ ಏನೋ ಇದೆ. ಎಲ್ಲಿಟ್ಟಿದ್ರಿ?"

"ತಳೇಗಾಂವದೊಳಗ," ಎಂದರು ಬಾಗಿಲಲ್ಲಿ ನಿಂತಿದ್ದ ಅಪ್ಪಾಸಾಹೇಬರು, ಗೋದಾ ಬಾಯಿ ತೆರೆಯುವ ಮೊದಲೇ. "ನಮ್ಮ ಶಾಖೆಯ ತಿಜೋರಿಯೊಳಗ." ಹೇಳಿ ಅವಳ ಕಡೆ ನೋಡಿದರು. ನಿನ್ನನ್ನೂ ಉಳಿಸಿದೆ, ಸುಮ್ಮನಿರು ಎಂಬ ನೋಟ.

"ಹಾಗಾದ್ರೆ ಇದು ಅಲ್ಲಿಯವರ ತಲೆಗೆ ಬರುತ್ತೆ. ತಿಜೋರಿ ಯಾರ ಸುಪರ್ದಿನಲ್ಲಿದೆ?"

"ಬಸವಲಿಂಗ ಅಂತ್ರಿ," ಎಂದರು ಅಪ್ಪಾಸಾಹೇಬರು.

ಶಿವಪ್ರಕಾಶ ಪೆನ್ನಿನ ಟೋಪಿ ತೆಗೆದ. ದೀಪಾವಳಿಗೆ ನಿವೃತ್ತನಾಗುವ ಬಸವಲಿಂಗ ಈ ಟೇಪುಗಳನ್ನು ಕಣ್ಣಿಂದ ಕೂಡ ಕಂಡವನಲ್ಲ. ಇಂದಾಪುರ ತಪ್ಪಿತು ಎಂದು ಗೋದಾಳ ಮೈ ಒಂದು ಕ್ಷಣ ಸಡಿಲವಾಯಿತು. ಆ ಸಡಿಲಕ್ಕೆ ಅವಳಿಗೇ ನಾಚಿಕೆಯಾಯಿತು.

"ಸರ್, ಬರೀಬ್ಯಾಡ್ರಿ. ಅಲ್ಲಿಗೆ ಇವು ಹೋಗೇ ಇಲ್ಲ. ನಮ್ಮ ಮನಿಯೊಳಗಿದ್ವು."

"ಗೋದಾಬಾಯಿ..." ಎಂದರು ಅಪ್ಪಾಸಾಹೇಬರು.

"ನಾನ ಮಾಳಗಿ ಮ್ಯಾಲ ಬಿಸಿಲಿಗೆ ಇಟ್ಟಿದ್ದೆ. ದಿನಗಟ್ಲೆ. ತಪ್ಪು ನಂದು."

ಶಿವಪ್ರಕಾಶ ಅವಳನ್ನೇ ನೋಡಿದ. "ಬಿಸಿಲಿರೋ ಹೊತ್ತಲ್ಲಿ ನೀವು ಇಲ್ಲಿರ್ತೀರಲ್ಲ ಮೇಡಂ. ಬೇಸಿಗೆಯಲ್ಲಿ ಒಂದು ರಜೇನೂ ಹಾಕಿಲ್ಲ, ಹಾಜರಿ ಈಗಷ್ಟೇ ನೋಡ್ದೆ. ಅಲ್ಲದೆ ಟೇಪು ಬಿಸಿಲಿಗಿಡಬಾರದು ಅಂತ ನಿಮಗೆ ಗೊತ್ತಿಲ್ವಾ? ಬಸವಲಿಂಗ ನಿಮಗೆ ಸಂಬಂಧಿಕರಾ?"

"ಅಲ್ರಿ."

"ಮತ್ತೆ ಯಾಕೆ ಉಳಿಸ್ತೀರಿ? ನಿಜ ಹೇಳಿ, ಇಲ್ಲಾಂದ್ರೆ ಅವರ ಹೆಸರೇ ಬರೀತೀನಿ." ಪೆನ್ನು ಕಾಗದಕ್ಕೆ ತಾಗಿತು.

ಗೋದಾ ಯಂತ್ರದ ಕಡೆ ನೋಡಿದಳು. ಕೆಂಪು ದೀಪ ಹಾಗೇ ಉರಿಯುತ್ತಿತ್ತು.

"ನಮ್ಮ ಅತ್ತಿ," ಎಂದಳು. "ಅಂಬಾಬಾಯಿ ಅಂತ ಹೆಸರು. ರೇಷ್ಮಿ ಸೀರಿ ಒಣಗಸುವಾಗ ಇವನೂ ಹಾಕ್ಯಾರ. ಮುಗ್ಗಲ ಹಿಡಿಬಾರದಂತ. ಕಾಗಿ ಒಯ್ಯಬಾರದಂತ ಕಾಯ್ದುಕೋತ ಕೂತಿದ್ರಂತ."

ಮೊದಲು ನೀತಾ ಓಢಣಿಯನ್ನು ಬಾಯಿಗೆ ಒತ್ತಿಕೊಂಡಳು. ತಡೆಯಲಾಗದೆ ಅವಳ ಭುಜ ಕುಲುಕಿದವು. ಸಿಕ್ಕಿಬಿದ್ದ ಗಾಬರಿಗೋ ಏನೋ ಅಪ್ಪಾಸಾಹೇಬರೂ ಹೊಟ್ಟೆ ಹಿಡಿದುಕೊಂಡರು. "ಉಪ್ಪು ಖಾರ ಹಚ್ಚಲಿಲ್ಲಲ್ಲ, ಪುಣ್ಯಾ!" ಆಡಿಟರನೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಸಾರಿ ಮೇಡಂ," ಎಂದ, ಮತ್ತೆ ನಕ್ಕ. ಸದ್ದು ಕೇಳಿ ಕ್ಯಾಶಿನವರು ಗಾಜಿನ ಆಚೆಯಿಂದ ಇಣುಕಿದರು. ನೀತಾ ಬಾಗಿಲು ಸ್ವಲ್ಪವೇ ತೆರೆದು ಅವರಿಗೂ ಹೇಳಿದಳು.

ಶಿವಪ್ರಕಾಶ ತಳೇಗಾಂವದ ಹೆಸರನ್ನು ಹೊಡೆದುಹಾಕಿ ಗೋದಾಳ ಮನೆಯ ವಿಳಾಸ ಬರೆದುಕೊಂಡ. ತಿಂಗಳು ತುಂಬುವುದರೊಳಗೆ ಅವಳಿಗೆ ಇಂದಾಪುರದ ಆದೇಶ ಬಂತು.

ಗೋದಾ ಅತ್ತೆಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ.