ಮೆಟ್ಟಿಲು ಮುಂದಿನ ವರ್ಷಕ್ಕೆ

ನಮ್ಮೂರ ಶಾಲೆಯ ಹೆಡ್‌ಮೇಡಂ ವನಜಾಕ್ಷಿ ಕೇಳಿದ್ದು ಹೆಣ್ಣುಮಕ್ಕಳಿಗೊಂದು ಶೌಚಾಲಯ. ಬಂದದ್ದು ಮಹಡಿ! ಇರುವ ಕೋಣೆಗಳಿಗೇ ಮಕ್ಕಳು ಸಾಲದು, ಅದರ ಮೇಲೆ ಇನ್ನೆರಡು ಕೋಣೆ.

"ಕೊಠಡಿಗೆ ಅನುದಾನ ಇದೆ, ಶೌಚಾಲಯಕ್ಕಿಲ್ಲ. ಮಾರ್ಚ್ ಒಳಗೆ ಖರ್ಚಾಗದಿದ್ರೆ ದುಡ್ಡು ವಾಪಸ್" ಎಂದರು ಎಂಜಿನಿಯರ್ ಸೂರ್ಯಪ್ರಕಾಶ್. ನಾನು ಶಾಲಾ ಸಮಿತಿಯ ಅಧ್ಯಕ್ಷ, ಅಂದರೆ ಸಹಿ ಬೇಕಾದಾಗ ನೆನಪಾಗುವ ಮನುಷ್ಯ. ನನ್ನ ಮಾತು ಯಾರು ಕೇಳುತ್ತಾರೆ?

ಇಂಟರ್‌ವಲ್ ಆದರೆ ಹುಡುಗರು ಬೇಲಿ ಮರೆಗೆ, ಹುಡುಗಿಯರೆಲ್ಲ ಎದುರುಮನೆಯ ಚಿಕ್ಕಗೌರಮ್ಮನ ಕಕ್ಕಸಿಗೆ ಓಡುತ್ತಿದ್ದರು. ಆ ಮುದುಕಿ ಪುಣ್ಯಾತ್ಗಿತ್ತಿ, ಬೇಡ ಎಂದವಳಲ್ಲ. ಆದರೆ ಸಾಲು ಕರಗುವ ಮೊದಲೇ ಬೆಲ್ ಹೊಡೆಯುತ್ತಿತ್ತು. ದೊಡ್ಡ ಹುಡುಗಿಯರು ಕೆಲವರು ಶಾಲೆಯನ್ನೇ ಬಿಟ್ಟರು.

ಮಹಡಿ ಮುಗಿಯಿತು. ಬಣ್ಣ ಬಳಿದರು, ಗೋಡೆಗೆ ನವಿಲು ಬರೆಸಿದರು. ಆಮೇಲೆ ನೋಡಿದರೆ ಹತ್ತಲು ಮೆಟ್ಟಿಲೇ ಇಲ್ಲ!

"ಮೆಟ್ಟಿಲು ಮುಂದಿನ ವರ್ಷದ ಅಂದಾಜಿನಲ್ಲಿದೆ" ಎಂದರು ಸೂರ್ಯಪ್ರಕಾಶ್.

ಅವರು ತಪಾಸಣೆಗೆ ಬಂದ ದಿನ ಊರಿನವರು ಸುಮ್ಮನೆ ಬಿಡಲಿಲ್ಲ. ನಮ್ಮ ಕಡೆ ಬಂದವರಿಗೆ ಎಳನೀರು ಕೊಡದಿದ್ದರೆ ಮನೆಯ ಮರ್ಯಾದೆ ಹೋಗುತ್ತದೆ, ಅವರು ಕುಡಿಯದಿದ್ದರೆ ಇನ್ನೂ ಹೋಗುತ್ತದೆ. ಪಾಪ, ಎಲ್ಲ ಮನೆಯ ಮರ್ಯಾದೆಯನ್ನೂ ಉಳಿಸಿಕೊಂಡು ಹೊಟ್ಟೆ ಕುಲುಕಿಸುತ್ತಾ ಶಾಲೆಗೆ ಬಂದರು. ಹುಚ್ಚಣ್ಣನ ಮನೆಯ ಬಿದಿರೇಣಿ ತರಿಸಿ ಮಹಡಿ ಹತ್ತಿಸಿದೆವು.

ಅವರು ಮೇಲೆ ಗೋಡೆ ತಟ್ಟಿ ನೋಡುತ್ತಿರುವಾಗಲೇ ಹುಚ್ಚಣ್ಣ ಬಂದು ಏಣಿಯನ್ನು ಹೆಗಲಿಗೇರಿಸಿದ.

"ತಿಪಟೂರಿನ ಲಾರಿ ಬಂದೈತೆ, ಅಟ್ಟದಿಂದ ಕೊಬ್ರಿ ಇಳಿಸ್ಬೇಕು."

"ಲೇ, ಮೇಲೆ ಸಾಹೇಬ್ರು ಅವ್ರೆ ಕಣ್ಲಾ!" ಎಂದೆ.

"ಮೆಟ್ಲಲ್ಲಿ ಇಳೀತಾರೆ ಬುಡು. ಇಷ್ಟು ದೊಡ್ಡ ಕಟ್ಟಡ ಕಟ್ಟಿ ಮೆಟ್ಲು ಕಟ್ದೆ ಇರ್ತಾರಾ?" ಎಂದು ಹೊರಟೇಬಿಟ್ಟ.

ಸ್ವಲ್ಪ ಹೊತ್ತಿಗೆ ಮೇಲಿಂದ ಕೂಗು. "ಏಣಿ ಎಲ್ರೀ?"

"ಮುಂದಿನ ವರ್ಷದ ಅಂದಾಜಿನಲ್ಲೈತೆ ಸಾ" ಎಂದೆ. ತಡೆಯಲಾಗಲಿಲ್ಲ.

"ತಮಾಷೆ ಬೇಡ ಕಣ್ರೀ! ಅರ್ಜೆಂಟಾಗಿ ಹೋಗ್ಬೇಕು!" ಕುಡಿದ ಎಳನೀರೆಲ್ಲ ಒಟ್ಟಿಗೆ ಹೊರಟಿತ್ತು. ಅವರು ನಿಂತಲ್ಲಿ ನಿಲ್ಲಲಾರದೆ ನವಿಲಿನ ಮೇಲುಗಡೆ ತಾವೇ ಕುಣಿಯುತ್ತಿದ್ದರು.

ಲಾರಿ ತುಂಬಿದ ಮೇಲೆ ಏಣಿ ಬಂತು. ಅವರು ಜಾರಿದರೋ ಇಳಿದರೋ ತಿಳಿಯದು. "ಟಾಯ್ಲೆಟ್ ಎಲ್ಲಿ ಮೇಡಂ?"

ವನಜಾಕ್ಷಿ ಮೇಡಂ ಬೆರಳು ಚಾಚಿ ಚಿಕ್ಕಗೌರಮ್ಮನ ಮನೆ ತೋರಿಸಿದರು.

ಅಲ್ಲಿ ನೋಡಿದರೆ ಇಂಟರ್‌ವಲ್ ಸಾಲು. ಸೂರ್ಯಪ್ರಕಾಶ್ ಹಲ್ಲು ಕಚ್ಚಿಕೊಂಡು ಏಳನೇ ಕ್ಲಾಸಿನ ಆಶಾಳ ಹಿಂದೆ ನಿಂತರು. ಅವಳ ಸರದಿ ಇನ್ನೇನು ಬರಬೇಕು, ಬೆಲ್ ಹೊಡೆಯಿತು. ಅವಳು ಪಕ್ಕಕ್ಕೆ ಸರಿದಳು.

"ನೀವು ಹೋಗಿ ಸಾ. ನಮಗೆ ಸಂಜೆಗಂಟ ತಡ್ಕಂಡು ಅಭ್ಯಾಸ ಐತೆ."

ಅಷ್ಟು ಅವಸರವಿದ್ದ ಮನುಷ್ಯ, ಬಾಗಿಲ ಚಿಲಕ ಹಿಡಿದುಕೊಂಡು, ಅವಳು ಶಾಲೆಯ ಗೇಟು ದಾಟುವವರೆಗೂ ನಿಂತೇ ಇದ್ದರು.